ಯುಜಿಡಿಗೆ ಬಿಟ್ಟರೆ ಮುಗೀತಾ? ಕಾರ್ಖಾನೆ ನೀರು, ಊರ ಒಳಚರಂಡಿ ಮತ್ತು ಎರಡು ಲೆಕ್ಕ

"ಸ್ಯಾನಿಟರಿ ಚಾರ್ಜ್ ಕಟ್ತೀನಲ್ಲ ಸಾರ್, ಮತ್ಯಾಕೆ ಯುಜಿಡಿಗೆ ಬಿಡಬಾರ್ದು?"

ಹೀಗೆ ಕೇಳಿದವರು ಬೆಂಗಳೂರಿನ ಒಂದು ಚಿಕ್ಕ ಪ್ಲೇಟಿಂಗ್ ಶೆಡ್ಡಿನ, ಅಂದರೆ ನಟ್ಟು ಬೋಲ್ಟಿಗೆ ಲೋಹದ ಲೇಪ ಹಾಕುವ ಶೆಡ್ಡಿನ, ಮಾಲೀಕರು. ಯುಜಿಡಿ ಅಂದರೆ ಊರಿನ ಒಳಚರಂಡಿ, ಸ್ಯಾನಿಟರಿ ಚಾರ್ಜ್ ಅಂದರೆ ಅದಕ್ಕೆ ಕಟ್ಟುವ ಶುಲ್ಕ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಪಕ್ಕದ ಮನೆಯವರು ಬಚ್ಚಲ ನೀರು ಬಿಡುತ್ತಾರೆ. ಎದುರಿನ ದರ್ಶಿನಿಯವರು ಸಾಂಬಾರ್ ಪಾತ್ರೆ ತೊಳೆದ ನೀರು ಬಿಡುತ್ತಾರೆ. ಇವರು ನಟ್ಟು ಬೋಲ್ಟು ತೊಳೆದ ನೀರು ಬಿಡುತ್ತಾರೆ. ಮೂರೂ ಹೋಗುವುದು ಒಂದೇ ಮ್ಯಾನ್‌ಹೋಲಿಗೆ. ಮನೆಗೆ ಇಲ್ಲದ ಲೈಸೆನ್ಸು, ಲ್ಯಾಬ್ ರಿಪೋರ್ಟು, ಇಟಿಪಿ (ಕಾರ್ಖಾನೆಯ ಕೊಳಕು ನೀರು ಶುದ್ಧ ಮಾಡುವ ಘಟಕ) ಅಂತ ಇವರಿಗೆ ಮಾತ್ರ ಯಾಕೆ?

ನಾನು ಆಗ ಕೊಟ್ಟ ಉತ್ತರ ಅರೆಬರೆಯಾಗಿತ್ತು. ಪೂರ್ತಿ ಉತ್ತರ ಸ್ವಲ್ಪ ಉದ್ದ ಇದೆ. ಆ ಶೆಡ್ಡಿನಿಂದಲೇ ಶುರು ಮಾಡೋಣ.

ಶೆಡ್ಡಿನ ಉದ್ದಕ್ಕೂ ಸಾಲಾಗಿ ತೊಟ್ಟಿಗಳು. ಮೊದಲನೆಯದರಲ್ಲಿ ಎಣ್ಣೆ ಜಿಡ್ಡು ಬಿಡಿಸುವ ಕಾಸ್ಟಿಕ್, ಆಮೇಲೆ ನೀರು. ನಂತರ ತುಕ್ಕು ತೆಗೆಯುವ ಆಸಿಡ್, ಮತ್ತೆ ನೀರು. ಆಮೇಲೆ ಜಿಂಕ್ ತೊಟ್ಟಿ, ಮತ್ತೆ ನೀರು. ಕೊನೆಗೆ ಹಳದಿ ಬಣ್ಣದ ಕ್ರೋಮೇಟ್ ತೊಟ್ಟಿ. ಬೋಲ್ಟಿಗೆ ಆ ಚಿನ್ನದಂಥ ಹೊಳಪು ಬರುವುದು ಅಲ್ಲಿ. ಬುಟ್ಟಿಯನ್ನು ಒಂದು ತೊಟ್ಟಿಯಿಂದ ಎತ್ತಿ ಇನ್ನೊಂದಕ್ಕೆ ಇಡುವಾಗ ಹನಿ ಹನಿಯಾಗಿ ಸೋರುತ್ತದಲ್ಲ, ಅದನ್ನು ಈ ಕೆಲಸದವರು ಡ್ರ್ಯಾಗ್ ಔಟ್ ಎನ್ನುತ್ತಾರೆ. ಕಾರ್ಖಾನೆ ನೀರು ಕೆಡುವುದು ಬಹುತೇಕ ಹೀಗೇ. ಯಾರೂ ಡ್ರಮ್ಮುಗಟ್ಟಲೆ ವಿಷ ಸುರಿಯುತ್ತಿಲ್ಲ. ಬುಟ್ಟಿ ಸೋರುತ್ತದೆ, ಸೋರಿದ್ದನ್ನು ತೊಳೆಯುತ್ತಾರೆ, ತೊಳೆದ ನೀರು ಚೇಂಬರಿಗೆ ಹೋಗುತ್ತದೆ.

ಈಗ ಆ ನೀರಿನ ಹಿಂದೆ ಹೋಗೋಣ. ಪೈಪಿನ ಆ ತುದಿಯಲ್ಲಿ ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ ಇದೆ. ಎಸ್‌ಟಿಪಿ ಅಂದರೆ ಏನೋ ದೊಡ್ಡ ಫಿಲ್ಟರ್ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದನ್ನು ಒಂದು ದನದ ಕೊಟ್ಟಿಗೆ ಅಂತ ನೋಡುವುದು ಸರಿ. ಅಲ್ಲಿ ಸಾಕಿರುವುದು ಕೋಟ್ಯಂತರ ಬ್ಯಾಕ್ಟೀರಿಯಾ. ಕಂದು ಬಣ್ಣದ ತೊಟ್ಟಿಗೆ ದಿನವಿಡೀ ಗಾಳಿ ಊದುತ್ತಾರೆ. ಬ್ಯಾಕ್ಟೀರಿಯಾಗಳು ನಮ್ಮ ಕೊಳಕನ್ನು ತಿಂದು ಬೆಳೆಯುತ್ತವೆ, ಮುದ್ದೆಗಟ್ಟುತ್ತವೆ, ಮುಂದಿನ ತೊಟ್ಟಿಯಲ್ಲಿ ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿ ನೀರು ಹೊರಗೆ. ಆಪರೇಟರ್ ಆ ಕಂದು ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ 30 ನಿಮಿಷ ಅಲ್ಲಾಡಿಸದೆ ಇಡುತ್ತಾನೆ. ಕೆಸರು ಚೆನ್ನಾಗಿ ಕೆಳಗೆ ಕೂತು ಮೇಲೆ ತಿಳಿ ನಿಂತರೆ ಕೊಟ್ಟಿಗೆ ಕ್ಷೇಮ. ಕೂರದೆ ಕದಡಿಕೊಂಡೇ ಇದ್ದರೆ ಮೇಲಿನಿಂದ ಏನೋ ಬಂದಿದೆ ಅಂತ ಅನುಮಾನ.

ಆ 'ಏನೋ' ಆಸಿಡ್ ಇರಬಹುದು, ಸೈನೈಡ್ ಇರಬಹುದು, ಕ್ರೋಮಿಯಂ ಇರಬಹುದು. ಒಂದು ರಾತ್ರಿ ಯಾರೋ ತೊಟ್ಟಿ ಖಾಲಿ ಮಾಡಿದರೆ ಸಾಕು, ಬ್ಯಾಕ್ಟೀರಿಯಾ ಸಾಯುತ್ತವೆ. ಮತ್ತೆ ಅಷ್ಟು ಬೆಳೆಸಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಊರಿನ ಮನೆಗಳ ಕೊಳಚೆಯೂ ಅರೆಬರೆ ಶುದ್ಧವಾಗಿ ಹೊಳೆಗೆ ಹೋಗುತ್ತದೆ. ತೊಂದರೆ ಮಾಡಿದ್ದು ಒಂದು ಶೆಡ್ಡು, ಕೆಡುವುದು ಇಡೀ ಊರಿನ ನೀರು.

ಸಾಯದಿದ್ದರೂ ತೊಂದರೆ ತಪ್ಪಲಿಲ್ಲ. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಕರಗಿಸಲಾರದು. ಅದು ಒಂದೋ ಕೆಸರಿಗೆ ಅಂಟಿಕೊಳ್ಳುತ್ತದೆ, ಇಲ್ಲವೇ ತಿಳಿ ನೀರಿನ ಜೊತೆ ಹಾಗೇ ದಾಟಿ ಹೋಗುತ್ತದೆ. ಕೆಸರು ಒಣಗಿದ ಮೇಲೆ ಗೊಬ್ಬರ. ತಿಳಿ ನೀರು ಕೆರೆಗೆ. ಬೆಂಗಳೂರಿನಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಕೋರಮಂಗಲ ಚಲ್ಲಘಟ್ಟ ಕಣಿವೆಯ, ಅಂದರೆ ಕೆಸಿ ವ್ಯಾಲಿಯ, ಸಂಸ್ಕರಿಸಿದ ನೀರು 2018ರಿಂದ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಕೆರೆ ತುಂಬಲಿ, ಬೋರ್‌ವೆಲ್‌ಗೆ ನೀರು ಇಳಿಯಲಿ ಅಂತ. ಹಾಗಾಗಿ ಬೆಂಗಳೂರಿನ ಚೇಂಬರಿಗೆ ಏನು ಬೀಳುತ್ತದೆ ಅನ್ನುವುದು ಕೋಲಾರದ ರೈತರಿಗೂ ಸಂಬಂಧಪಟ್ಟ ವಿಚಾರ.

ಇನ್ನು ಪೈಪಿನ ಒಳಗಿನ ಕತೆ. ಆಸಿಡ್ ಕಾಂಕ್ರೀಟನ್ನು ತಿನ್ನುತ್ತದೆ. ಒಂದು ಶೆಡ್ಡಿನ ಸೈನೈಡ್ ನೀರು, ಇನ್ನೊಂದು ಶೆಡ್ಡಿನ ಆಸಿಡ್ ನೀರು ಒಂದೇ ಮ್ಯಾನ್‌ಹೋಲಿನಲ್ಲಿ ಸೇರಿದರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ. ಸಲ್ಫೈಡ್ ಇದ್ದ ನೀರಿಗೆ ಆಸಿಡ್ ಸೇರಿದರೆ ಹೈಡ್ರೋಜನ್ ಸಲ್ಫೈಡ್. ಎರಡೂ ಕೊಲ್ಲುತ್ತವೆ. ಮನುಷ್ಯರನ್ನು ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಇಳಿದು ಸತ್ತ ಸುದ್ದಿ ಬರುವುದು ನಿಂತಿಲ್ಲ.

ಬೆಂಕಿಯ ಅಪಾಯವೂ ಇದೆ. 1981ರ ಫೆಬ್ರವರಿ 13ರ ಬೆಳಗಿನ ಜಾವ ಅಮೆರಿಕದ ಲೂಯಿವಿಲ್ ನಗರದಲ್ಲಿ ರಸ್ತೆಯೇ ಸಿಡಿಯಿತು. ಸೋಯಾ ಎಣ್ಣೆ ತೆಗೆಯುವ ಕಾರ್ಖಾನೆಯೊಂದರಿಂದ ಹೆಕ್ಸೇನ್ ಎಂಬ ದ್ರಾವಕ ಒಳಚರಂಡಿಗೆ ಹರಿದಿತ್ತು. ಮೇಲೆ ಹೋಗುತ್ತಿದ್ದ ಕಾರೊಂದರ ಕಿಡಿ ಆ ಆವಿಗೆ ತಗುಲಿತು. ಮೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ರಸ್ತೆ ಕುಸಿದು ಹೋಯಿತು. ಬೆಳಗಿನ ಜಾವ ಆಗಿದ್ದರಿಂದ ಯಾರೂ ಸಾಯಲಿಲ್ಲ.

ಆ ದೇಶದಲ್ಲಿ ಒಳಚರಂಡಿ ಯಾರದ್ದೋ ಅವರದ್ದೇ ಅಧಿಕಾರ. ಕೇಂದ್ರ ಸರ್ಕಾರ ಕನಿಷ್ಠ ನಿಯಮ ಹಾಕುತ್ತದೆ. ಅದರ ಕೆಳಗೆ ಊರಿನ ಒಳಚರಂಡಿ ಮಂಡಳಿಯೇ ತನ್ನ ಎಸ್‌ಟಿಪಿ ಎಷ್ಟು ತಡೆಯುತ್ತದೆ ಅಂತ ಲೆಕ್ಕ ಹಾಕಿ ಸ್ಥಳೀಯ ಮಿತಿ ಗೊತ್ತುಮಾಡುತ್ತದೆ, ಕಾರ್ಖಾನೆಗೆ ಪರ್ಮಿಟ್ ಕೊಡುತ್ತದೆ, ಸ್ಯಾಂಪಲ್ ತೆಗೆಯುತ್ತದೆ, ದಂಡ ಹಾಕುತ್ತದೆ. ಪೈಪೂ ಅವರದ್ದೇ, ಪೆನ್ನೂ ಅವರದ್ದೇ.

ನಮ್ಮಲ್ಲಿ ಪೈಪು ಒಬ್ಬರ ಕೈಲಿ, ಪೆನ್ನು ಇನ್ನೊಬ್ಬರ ಕೈಲಿ. ಬೆಂಗಳೂರಿನ ಒಳಚರಂಡಿಯನ್ನು ಹಾಕಿ ನೋಡಿಕೊಳ್ಳುವುದು 1964ರ ಕಾಯ್ದೆಯಿಂದ ಹುಟ್ಟಿದ ಜಲಮಂಡಳಿ. ಕಾರ್ಖಾನೆಗೆ ನೀರು ಬಿಡಲು ಅನುಮತಿ ಕೊಡುವುದು 1974ರ ಜಲ ಕಾಯ್ದೆಯ ಕೆಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಟ್ರೇಡ್ ಲೈಸೆನ್ಸ್ ಕೊಡುವುದು, ಮಳೆನೀರಿನ ರಾಜಕಾಲುವೆ ನೋಡಿಕೊಳ್ಳುವುದು ಪಾಲಿಕೆ. ಮೊದಲು ಬಿಬಿಎಂಪಿ ಒಂದೇ ಇತ್ತು, ಈಗ ಐದು ಪಾಲಿಕೆಗಳಾಗಿವೆ. ಶೆಡ್ಡಿನವರು ಮೂರು ಕಡೆ ಅಲೆಯಬೇಕು. ಎಡವಟ್ಟಾದಾಗ ಮೂವರೂ ಮಿಕ್ಕ ಇಬ್ಬರ ಕಡೆ ಕೈ ತೋರಿಸಲು ಜಾಗ ಇದೆ.

ಜಲ ಕಾಯ್ದೆಯ ಮಟ್ಟಿಗೆ ಯುಜಿಡಿ ಅಂದರೆ ಕಾನೂನಿನ ಕಣ್ಣಿಗೆ ಕಾಣದ ಬಿಲವಲ್ಲ. ಹೊಳೆ, ಬಾವಿ, ನೆಲ ಎಂದು ಹೇಳುವ ಕಡೆಯೇ ಒಳಚರಂಡಿಯನ್ನೂ ಹೆಸರಿಸಿ, ವಿಷದ ವಸ್ತು ಬಿಡುವ ಹಾಗಿಲ್ಲ ಎನ್ನುತ್ತದೆ. ಕಾರ್ಖಾನೆ ಕಟ್ಟುವ ಮೊದಲು ಒಂದು ಒಪ್ಪಿಗೆ, ನಡೆಸಲು ಇನ್ನೊಂದು ಒಪ್ಪಿಗೆ. ಈ ಕೆಲಸದವರ ಬಾಯಲ್ಲಿ ಸಿಎಫ್‌ಇ, ಸಿಎಫ್‌ಓ. ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ಕಾರ್ಖಾನೆಗಳಿಗೆ ಬಣ್ಣ ಹಚ್ಚಿದ್ದಾರೆ. ಪ್ಲೇಟಿಂಗ್ ಕೆಂಪು ಪಟ್ಟಿಯಲ್ಲಿದೆ.

ಎಷ್ಟು ಬಿಡಬಹುದು ಅನ್ನುವುದು 1986ರ ಪರಿಸರ ಸಂರಕ್ಷಣಾ ನಿಯಮಗಳ 6ನೇ ಅನುಸೂಚಿಯಲ್ಲಿದೆ. ಅದೊಂದು ಉದ್ದನೆಯ ಕೋಷ್ಟಕ. ಅದನ್ನು ನೋಡಿ ಜನ ಆಕಳಿಸುತ್ತಾರೆ. ನನಗೋ ಇಡೀ ಕಾನೂನಿನಲ್ಲಿ ಓದಲು ಮಜವಾದ ಪುಟ ಅದೇ. ಹೊಳೆ ಕೆರೆಗೆ ಬಿಡುವುದಾದರೆ ಒಂದು ಮಿತಿ, ಒಳಚರಂಡಿಗೆ ಬಿಡುವುದಾದರೆ ಇನ್ನೊಂದು ಮಿತಿ, ಪಕ್ಕಪಕ್ಕದಲ್ಲೇ ಬರೆದಿದೆ.

ಮೊದಲು ಬಿಒಡಿ ನೋಡಿ. ನೀರಿನಲ್ಲಿರುವ ಕೊಳಕನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ ಅದು. ನಮ್ಮ ದೇಶದಲ್ಲಿ 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. ಒಂದು ಲೀಟರ್ ಹಾಲು ಚರಂಡಿಗೆ ಚೆಲ್ಲಿದರೆ ಎರಡು ಮೂರು ಜನ ಒಂದು ದಿನಕ್ಕೆ ಮಾಡುವ ಕೊಳಕಿನಷ್ಟು ಬಿಒಡಿ ಆಗುತ್ತದೆ. ವಿಷವೇ ಆಗಬೇಕಿಲ್ಲ, ಊಟವೂ ನೀರನ್ನು ಕೆಡಿಸುತ್ತದೆ. ಹೊಳೆಗಾದರೆ ಬಿಒಡಿ ಮಿತಿ ಲೀಟರಿಗೆ 30 ಮಿಲಿಗ್ರಾಂ. ಒಳಚರಂಡಿಗೆ 350. ಹನ್ನೊಂದು ಪಟ್ಟಿಗೂ ಜಾಸ್ತಿ ಸಡಿಲ! ತೇಲುವ ಕಣಗಳಿಗೆ ಹೊಳೆಯಲ್ಲಿ 100, ಒಳಚರಂಡಿಯಲ್ಲಿ 600. ಯಾಕೆ ಅಂದರೆ ಆ ತುದಿಯಲ್ಲಿ ಕೊಟ್ಟಿಗೆ ಇದೆ, ತಿನ್ನುವವರು ಇದ್ದಾರೆ.

ಈಗ ಲೋಹಗಳ ಸಾಲಿಗೆ ಬನ್ನಿ. ನಿಕ್ಕಲ್ ಹೊಳೆಗೂ 3, ಒಳಚರಂಡಿಗೂ 3. ತಾಮ್ರ ಎರಡಕ್ಕೂ 3. ಪಾದರಸ ಎರಡಕ್ಕೂ 0.01. ಒಟ್ಟು ಕ್ರೋಮಿಯಂ ಎರಡಕ್ಕೂ 2. ಇಲ್ಲಿ ಸಡಿಲವೇ ಇಲ್ಲ. ಬ್ಯಾಕ್ಟೀರಿಯಾಗೆ ತಿನ್ನಲಾಗದ್ದನ್ನು ನೀವೇ ತೆಗೆದು ಕಳಿಸಿ ಅಂತ ಕೋಷ್ಟಕ ಹೇಳುತ್ತಿದೆ. ಎಲ್ಲ ಸಾಲುಗಳೂ ಇಷ್ಟು ನೇರವಾಗಿಲ್ಲ ಅನ್ನಿ. ಸೀಸ ಹೊಳೆಗೆ 0.1 ಇದ್ದರೆ ಒಳಚರಂಡಿಗೆ 1. ಹಳದಿ ತೊಟ್ಟಿಯ ಹೆಕ್ಸಾವಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ಹೆಚ್ಚು ಅಪಾಯದ ರೂಪ, ಹೊಳೆಗೆ 0.1, ಒಳಚರಂಡಿಗೆ 2. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಕ್ಯಾಡ್ಮಿಯಂ ಅಂತೂ ಉಲ್ಟಾ, ಹೊಳೆಗೆ 2, ಒಳಚರಂಡಿಗೆ 1.

ಎಣ್ಣೆ ಜಿಡ್ಡಿಗೆ ಹೊಳೆಯಲ್ಲಿ 10, ಒಳಚರಂಡಿಯಲ್ಲಿ 20. ದರ್ಶಿನಿಯವರು ಗ್ರೀಸ್ ಟ್ರ್ಯಾಪ್ ಹಾಕಿಸಿ ಅಂದರೆ ನಗುತ್ತಾರೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಹತ್ತಿರ ಒಳಚರಂಡಿಯಲ್ಲಿ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಜಿಡ್ಡಿನ ಗಡ್ಡೆ ಸಿಕ್ಕಿತ್ತು. ಅಡುಗೆ ಎಣ್ಣೆ ಮತ್ತು ಒರೆಸಿ ಎಸೆದ ವೈಪ್ಸ್ ಸೇರಿ ಗಟ್ಟಿಯಾದದ್ದು. ನಮ್ಮ ಬೋಂಡದ ಎಣ್ಣೆಯೂ ತಣ್ಣಗಾದರೆ ಪೈಪಿಗೆ ಅಂಟುತ್ತದೆ ಅಲ್ವಾ?

ಸರಿ, ಮಿತಿ ಇದೆ. ಅದನ್ನು ಮುಟ್ಟುವುದು ಹೇಗೆ? ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ನೀರು ಬೆರೆಸುವುದು. ಆ ಲೆಕ್ಕ ಒಮ್ಮೆ ಹಾಕಿ ನೋಡಿ. ಹೊಳೆಯುವ ಕ್ರೋಮ್ ಪ್ಲೇಟಿಂಗ್ ಮಾಡುವ ತೊಟ್ಟಿಯಲ್ಲಿ ಸಾಮಾನ್ಯವಾಗಿ ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಸಿಡ್ ಇರುತ್ತದೆ. ಅದರಲ್ಲಿ ಕ್ರೋಮಿಯಂ 130 ಗ್ರಾಂ. ಆ ಒಂದೇ ಒಂದು ಲೀಟರನ್ನು 2 ಮಿಲಿಗ್ರಾಂ ಮಟ್ಟಕ್ಕೆ ತೆಳುಮಾಡಲು 65,000 ಲೀಟರ್ ನೀರು ಬೇಕು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹನ್ನೊಂದು ಟ್ಯಾಂಕರ್. ಅಷ್ಟು ಬೆರೆಸಿದರೂ ಕ್ರೋಮಿಯಂ ಒಂದು ಗ್ರಾಂ ಕೂಡ ಕಡಿಮೆ ಆಗಿರುವುದಿಲ್ಲ, ಹೊಳೆಗೆ ಹೋಗುವುದು ಅದೇ 130 ಗ್ರಾಂ. ಮಜ್ಜಿಗೆಗೆ ನೀರು ಹಾಕಿದರೆ ಮಜ್ಜಿಗೆ ಮಾಯವಾಗುತ್ತದೆಯೇ?

ನಿಜವಾದ ದಾರಿ ಇದಕ್ಕಿಂತ ಅಗ್ಗ. ಹಳದಿ ನೀರನ್ನು ಬೇರೆ ತೊಟ್ಟಿಯಲ್ಲಿ ಕೂಡಿಡಬೇಕು. ಆಸಿಡ್ ಹಾಕಿ ಪಿಎಚ್ ಅನ್ನು, ಅಂದರೆ ನೀರಿನ ಹುಳಿಯ ಅಳತೆಯನ್ನು, 2 ಮತ್ತು 3ರ ನಡುವೆ ಇಳಿಸಬೇಕು (ಅಂಕೆ ಇಳಿದಷ್ಟೂ ಹುಳಿ ಜಾಸ್ತಿ). ಸೋಡಿಯಂ ಬೈಸಲ್ಫೈಟ್ ಪುಡಿ ಹಾಕಿ ಕಲಕುತ್ತಾ ಇರಬೇಕು. ಕಣ್ಣೆದುರೇ ಹಳದಿ ನೀರು ಹಸಿರಾಗುತ್ತದೆ. ಅಪಾಯದ ಹೆಕ್ಸಾವಲೆಂಟ್ ಕ್ರೋಮಿಯಂ ಕಡಿಮೆ ಅಪಾಯದ ಟ್ರೈವಲೆಂಟ್ ಆಯಿತು ಅಂತ ಅರ್ಥ. ನಾನು ಮೊದಲ ಸಲ ನೋಡಿದಾಗ ಮ್ಯಾಜಿಕ್ ಅನ್ನಿಸಿತ್ತು. ಆಮೇಲೆ ಸುಣ್ಣ ಹಾಕಿ ಪಿಎಚ್ ಏರಿಸಿದರೆ ಹಸಿರು ಮೋಡದ ಹಾಗೆ ಒಡೆದು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ನೀರನ್ನು ಪರೀಕ್ಷೆ ಮಾಡಿಸಿ ಬಿಡಬಹುದು. ತಳದ ಕೆಸರನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿ, ಬಿಲ್ಲೆ ಮಾಡಿ, ಒಣಗಿಸಿ, ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ನೆಲಭರ್ತಿಗೆ ಕಳಿಸಬೇಕು. ಶೆಡ್ಡಿನವರಿಗೆ ನೋವಾಗುವುದು ಪುಡಿಯ ಖರ್ಚಿಗಲ್ಲ. ಈ ಬಿಲ್ಲೆ ಸಾಗಿಸುವ ಖರ್ಚಿಗೆ, ಮತ್ತು ಇಟಿಪಿ ಹಾಕಲು ಜಾಗ ಇಲ್ಲ ಎನ್ನುವುದಕ್ಕೆ. 30 ಅಡಿ 40 ಅಡಿ ಶೆಡ್ಡಿನಲ್ಲಿ ತೊಟ್ಟಿಗಳೇ ಹಿಡಿಸುವುದಿಲ್ಲ, ಇಟಿಪಿ ಎಲ್ಲಿಡೋಣ?

ಹತ್ತಾರು ಶೆಡ್ಡುಗಳು ಸೇರಿ ಒಂದೇ ಸಾಮೂಹಿಕ ಘಟಕ ಕಟ್ಟುವ ಸಿಇಟಿಪಿ ವ್ಯವಸ್ಥೆ ಬಂದದ್ದು ಇದಕ್ಕೇ. ಹಾಗಂತ ಮೊದಲ ಹಂತದ ಶುದ್ಧೀಕರಣವಿಲ್ಲದೆ ಕಾರ್ಖಾನೆ ನಡೆಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಫೆಬ್ರವರಿ 22ರಂದು ಹೇಳಿದೆ. ಮೂರು ತಿಂಗಳು ಸಮಯ ಕೊಡಿ, ಆಮೇಲೂ ಕೆಲಸ ಮಾಡುವ ಘಟಕ ಇಲ್ಲದಿದ್ದರೆ ಕರೆಂಟ್ ಕಟ್ ಮಾಡಿಸಿ ಎಂಬುದು ಆದೇಶ. ಮಾಲಿನ್ಯ ಮಂಡಳಿಯ ಕೈಯಲ್ಲಿ ಇರುವ ಜೋರಾದ ಅಸ್ತ್ರವೂ ಅದೇ. ಜಲ ಕಾಯ್ದೆಯ 33ಎ ಕಲಮಿನ ಪ್ರಕಾರ ಅದು ಕಾರ್ಖಾನೆ ಮುಚ್ಚಿಸಬಹುದು, ಕರೆಂಟು ನೀರು ನಿಲ್ಲಿಸಲು ಹೇಳಬಹುದು.

ಕೋರ್ಟಿಗೆ ಹೋಗಿ ಗೆಲ್ಲುವುದು ಮಾತ್ರ ಕಷ್ಟ. ಒಂದು ಬಾಟಲಿ ನೀರು ಸಾಕ್ಷಿಯಾಗಬೇಕಾದರೆ 21ನೇ ಕಲಮಿನ ವಿಧಾನ ಚಾಚೂ ತಪ್ಪದೆ ನಡೆಯಬೇಕು. ಸ್ಯಾಂಪಲ್ ತೆಗೆಯುತ್ತಿದ್ದೇವೆ ಅಂತ ಮಾಲೀಕರಿಗೆ ಅಲ್ಲೇ ನೋಟಿಸ್ ಕೊಡಬೇಕು. ಅವರ ಎದುರಿಗೇ ನೀರನ್ನು ಎರಡು ಭಾಗ ಮಾಡಬೇಕು. ಸೀಲ್ ಹಾಕಬೇಕು, ಇಬ್ಬರೂ ಸಹಿ ಮಾಡಬೇಕು. ಇದರಲ್ಲಿ ಒಂದು ತಪ್ಪಿದರೂ ಲ್ಯಾಬಿನ ಫಲಿತಾಂಶ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮಾಲೀಕರ ಹಿತಕ್ಕೆ ಇದು ಸರಿಯಾದ ರಕ್ಷಣೆಯೇ. ಆದರೆ ಅಧಿಕಾರಿ ಬರುವುದು ಹಗಲು ಹನ್ನೊಂದು ಗಂಟೆಗೆ, ತೊಟ್ಟಿ ಖಾಲಿಯಾಗುವುದು ರಾತ್ರಿ ಎರಡಕ್ಕೆ. ಹಗಲಿನ ಒಂದು ಬಾಟಲಿಯಲ್ಲಿ ರಾತ್ರಿಯ ಕತೆ ಇರುವುದಿಲ್ಲ. 24 ಗಂಟೆ ಸ್ವಲ್ಪ ಸ್ವಲ್ಪವೇ ತೆಗೆದು ಕೂಡಿಸುವ ಸ್ಯಾಂಪಲ್ ಬೇಕು. ಅಥವಾ ಎಸ್‌ಟಿಪಿಯಿಂದ ಹಿಂದಕ್ಕೆ ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಪಿಎಚ್ ನೋಡುತ್ತಾ ನಡೆಯಬೇಕು. ಹೀಗೆ ನಡೆಯಲು ಪೈಪಿನ ಒಡೆಯರಿಗೆ ಸುಲಭ, ಪೆನ್ನಿನ ಒಡೆಯರಿಗೆ ಕಷ್ಟ. ಪೈಪು ಪೆನ್ನು ಬೇರೆ ಆಗಿರುವುದರ ನಷ್ಟ ಇದು.

ಶಿಕ್ಷೆಯ ಭಾಗವನ್ನು ಸಂಸತ್ತು 2024ರಲ್ಲಿ ತಿದ್ದಿತು. ಹಲವು ತಪ್ಪುಗಳಿಗೆ ಜೈಲಿನ ಬದಲು 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂತು. ನೀರು ರಾಜ್ಯಗಳ ವಿಷಯ ಆದ್ದರಿಂದ ಅದು ಮೊದಲಿಗೆ ಹಿಮಾಚಲ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗಷ್ಟೇ ಅನ್ವಯ. ಉಳಿದ ರಾಜ್ಯಗಳು ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು. ದಂಡ ಒಳ್ಳೆಯದೋ ಜೈಲು ಒಳ್ಳೆಯದೋ ಎಂಬ ಜಗಳಕ್ಕಿಂತ ನನಗೆ ಬ್ರಿಟನ್ನಿನ ಬಿಲ್ಲು ಹಿಡಿಸುತ್ತದೆ. ಅಲ್ಲಿ ಮಾಗ್ಡನ್ ಸೂತ್ರ ಅಂತ ಇದೆ. ಕಾರ್ಖಾನೆ ಎಷ್ಟು ನೀರು ಬಿಟ್ಟಿತು ಅನ್ನುವುದರ ಜೊತೆಗೆ ಆ ನೀರು ಎಷ್ಟು ಕೊಳಕು ಅನ್ನುವುದಕ್ಕೂ ಹಣ. ಕೊಳಕು ಕಡಿಮೆಯಾದರೆ ಬಿಲ್ಲೂ ಕಡಿಮೆ. ನಮ್ಮಲ್ಲಿ ಸ್ಯಾನಿಟರಿ ಚಾರ್ಜ್ ಬಹುತೇಕ ನೀರಿನ ಬಿಲ್ಲಿನ ಬಾಲ. ಬಚ್ಚಲ ನೀರಿಗೂ ಹಳದಿ ತೊಟ್ಟಿಗೂ ಅದು ಭೇದ ಮಾಡುವುದಿಲ್ಲ. ಶೆಡ್ಡಿನವರು ಹಾಗೆ ಕೇಳಿದ್ದರಲ್ಲಿ ಅವರ ತಪ್ಪೇನೂ ಇಲ್ಲ, ಬಿಲ್ಲೇ ಅವರಿಗೆ ಹಾಗೆ ಕಲಿಸಿದೆ.

ಬೆಳ್ಳಂದೂರು ಕೆರೆ ಹೊತ್ತಿ ಉರಿದಾಗ ಎಲ್ಲರೂ ಕಾರ್ಖಾನೆಗಳ ಕಡೆ ನೋಡಿದರು. 2017ರ ಫೆಬ್ರವರಿಯಲ್ಲಿ ಬೆಂಕಿ, ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಿಂದ ಕೆರೆ ಸುತ್ತಲ ಕಾರ್ಖಾನೆ ಮುಚ್ಚಿಸಿ ಎಂಬ ಆದೇಶ. ಕಾರ್ಖಾನೆಗಳು ಸಾಚಾ ಅಂತ ನಾನು ಹೇಳುತ್ತಿಲ್ಲ. ಆದರೆ ಆ ನೊರೆಯಲ್ಲಿ ನಮ್ಮ ನಿಮ್ಮ ಮನೆಯ ಸೋಪು ಪುಡಿಯ ಪಾಲು ದೊಡ್ಡದು. ಅದು ಎಸ್‌ಟಿಪಿ ಕಾಣದೆ ನೇರ ಕೆರೆಗೆ ಬಂದ ನೀರು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆ ಎನ್ನುವ ವೃಷಭಾವತಿಯ ಕತೆಯೂ ಅದೇ. ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪಗೆ ಹರಿದು ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ.

ಇಲ್ಲಿಗೆ ಆ ಕೋಷ್ಟಕದ ಅಡಿಟಿಪ್ಪಣಿಗೆ ಬರಬೇಕು. ಜಾಸ್ತಿ ಜನ ಓದದ ಒಂದು ಸಾಲು ಅದು. ಒಳಚರಂಡಿಯ ಸಡಿಲ ಮಿತಿ ಸಿಗುವುದು ಆ ಚರಂಡಿ ನಿಜವಾಗಿ ಜೈವಿಕ ಶುದ್ಧೀಕರಣ ಘಟಕಕ್ಕೆ ಮುಟ್ಟಿದರೆ ಮಾತ್ರ. ಮುಟ್ಟದಿದ್ದರೆ ಹೊಳೆಗೆ ಬಿಟ್ಟ ಹಾಗೆಯೇ ಲೆಕ್ಕ. 350 ಹೋಗಿ 30 ಆಗುತ್ತದೆ. ಬರೆಯುವಾಗ ಯಾರೋ ಬಹಳ ಯೋಚಿಸಿ ಬರೆದ ಸಾಲು. ಬೆಂಗಳೂರಿನಲ್ಲಿ ಒಳಚರಂಡಿ ಬೇರೆ, ರಾಜಕಾಲುವೆ ಬೇರೆ ಎಂಬುದು ನಕ್ಷೆಯ ಮಾತು. ನೆಲದ ಕೆಳಗೆ ಎಲ್ಲಿ ಯಾವುದು ಯಾವುದಕ್ಕೆ ಸೇರಿದೆಯೋ ದೇವರಿಗೇ ಗೊತ್ತು.

ಆ ಪ್ಲೇಟಿಂಗ್ ಶೆಡ್ಡಿನಲ್ಲಿ ನಾವು ಇದನ್ನೇ ಪರೀಕ್ಷೆ ಮಾಡಿದೆವು. ಫ್ಲೋರೆಸಿನ್ ಅಂತ ಒಂದು ಬಣ್ಣ, ನೀರಿಗೆ ಬಿದ್ದರೆ ಗಿಳಿ ಹಸಿರಾಗಿ ಹೊಳೆಯುತ್ತದೆ. ಒಂದು ಚಮಚವನ್ನು ಬಕೆಟ್ಟಿನಲ್ಲಿ ಕಲಸಿ ಶೆಡ್ಡಿನ ಚೇಂಬರಿಗೆ ಸುರಿದೆವು, ನಲ್ಲಿ ಬಿಟ್ಟೆವು. ಮಾಲೀಕರ ಹುಡುಗ ರಸ್ತೆಯ ತುದಿಯ ಯುಜಿಡಿ ಮ್ಯಾನ್‌ಹೋಲಿನ ಮುಚ್ಚಳ ಸರಿಸಿ ಬಗ್ಗಿ ನಿಂತ. ಐದು ನಿಮಿಷ, ಹತ್ತು ನಿಮಿಷ. ಹಸಿರು ಬರಲಿಲ್ಲ. ಕಾಲು ಗಂಟೆ ಆದ ಮೇಲೆ ಹಿಂದಿನ ಗೋಡೆಯ ಆಚೆಯಿಂದ ಟೀ ಅಂಗಡಿಯವರು ಕೂಗಿದರು. "ಅಣ್ಣಾ, ಬನ್ನಿ ಇಲ್ಲಿ, ಕಾಲುವೆ ನೀರು ಹಸಿರಾಗ್ತಿದೆ ನೋಡಿ."

ಮಾಲೀಕರು ಗೋಡೆ ಮೇಲಿಂದ ಇಣುಕಿ ಸುಮಾರು ಹೊತ್ತು ನೋಡಿದರು. ಆಮೇಲೆ ಕೇಳಿದರು. "ಹಂಗಾದ್ರೆ ಇಷ್ಟು ವರ್ಷ ನಾನು ಸ್ಯಾನಿಟರಿ ಚಾರ್ಜ್ ಕಟ್ಟಿದ್ದು ಯಾವುದಕ್ಕೆ ಸಾರ್?"